ಪ್ಲಾಸ್ಮಾ ತಗೊಳ್ಳಲಾ, ಬೇಡ್ವಾ? ನಮ್ಮ ಕಡೆಯ ಮನೆಗೆ ದೊಡ್ಡ ಟೀವಿ ಆರಿಸುವ ಮುಂಚೆ

ಹೋದ ತಿಂಗಳು ಮೂಡಿಗೆರೆ ಕಡೆಯ ನನ್ನ ಬಾಮೈದ ಫೋನ್ ಮಾಡಿದ. "ಭಾವ, ಇಲ್ಲೊಂದು ಹೋಂಸ್ಟೇ ಮುಚ್ತಾ ಇದಾರೆ. 50 ಇಂಚಿನ ಪ್ಲಾಸ್ಮಾ ಟೀವಿ ಇದೆ. ಆರು ಸಾವಿರಕ್ಕೆ ಕೊಡ್ತಾರಂತೆ. ಪಿಕ್ಚರ್ ಅಂದ್ರೆ ಪಿಕ್ಚರ್! ತಗೊಳ್ಳಲಾ?"

ನಾನು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಪ್ಲಾಸ್ಮಾ ಅಂದರೆ ನನಗೂ ಆಸೆಯೇ. ಹಾಸನದಲ್ಲಿದ್ದಾಗ, 2011ರಲ್ಲಿ, 42 ಇಂಚಿನದೊಂದು ತಂದಿದ್ದೆ. ಐದು ವರ್ಷ ಕಣ್ತುಂಬ ನೋಡಿದ್ದೇವೆ. ಅದು ಸತ್ತ ಕಥೆ ಮುಂದೆ ಬರುತ್ತದೆ. ಬಾಮೈದನಿಗೆ ಹೇಳಿದ್ದು ಇಷ್ಟೇ: "ಮೊದಲು ನಿನ್ನ ಹಾಲ್ ಅಳತೆ ಕಳಿಸು. ಆಮೇಲೆ ಕರೆಂಟ್ ಬಿಲ್ಲಿನ ಫೋಟೋ ಕಳಿಸು." ಟೀವಿ ಬಗ್ಗೆ ಕೇಳಿದರೆ ಕರೆಂಟ್ ಬಿಲ್ಲು ಕೇಳ್ತಾರಲ್ಲ ಅಂತ ಅವನಿಗೆ ನಗು.

ಆದರೆ ಅಲ್ಲಿಂದಲೇ ಶುರು ಮಾಡಬೇಕು. ಟೀವಿ ಒಳ್ಳೆಯದಾ ಕೆಟ್ಟದ್ದಾ ಅನ್ನುವುದು ಆಮೇಲಿನ ಮಾತು. ಅದು ಕೂರುವ ಮನೆಗೆ ಒಗ್ಗುತ್ತದಾ, ಅದನ್ನು ಮೊದಲು ನೋಡಬೇಕು. ಅದರಲ್ಲೂ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮನೆ, ಮಳೆ, ಕರೆಂಟು ಬೆಂಗಳೂರಿನ ಫ್ಲಾಟಿನ ಹಾಗಲ್ಲ.

ಪ್ಲಾಸ್ಮಾ ಅಂದರೆ ಏನಿತ್ತು

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೊಸ ಪ್ಲಾಸ್ಮಾ ಟೀವಿ ಈಗ ಯಾರೂ ತಯಾರಿಸುವುದಿಲ್ಲ. ಪ್ಯಾನಾಸಾನಿಕ್ 2013ರ ಕೊನೆಗೆ ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ 2014ರ ಕೊನೆಗೆ ಕೈ ಬಿಟ್ಟವು. ಹಾಗಾಗಿ ಪ್ಲಾಸ್ಮಾ ಅಂತ ಯಾರೇ ಮಾರಲಿ, ಅದು ಹತ್ತು ವರ್ಷ ದಾಟಿದ ಮಾಲು. "ಜಾಸ್ತಿ ಬಳಸಿಯೇ ಇಲ್ಲ" ಅಂದರೂ ವಯಸ್ಸು ವಯಸ್ಸೇ.

ಅದರ ಒಳಗಿನ ಕೆಲಸ ಅರ್ಥವಾದರೆ ಪರೀಕ್ಷೆ ಮಾಡುವುದು ಸುಲಭ. ಎರಡು ಗಾಜಿನ ಹಲಗೆ. ನಡುವೆ ಲಕ್ಷಗಟ್ಟಲೆ ಸಣ್ಣ ಗೂಡುಗಳು. ಗೂಡಿನೊಳಗೆ ನಿಯಾನ್, ಕ್ಸೆನಾನ್ ಅನಿಲ. ಕರೆಂಟ್ ಕೊಟ್ಟಾಗ ಅನಿಲದಿಂದ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಹೊರಡುತ್ತದೆ. ಅದು ಗೂಡಿನ ಒಳಗೆ ಬಳಿದಿರುವ ಫಾಸ್ಫರ್ ಪುಡಿಗೆ ಬಡಿದು ಕೆಂಪು, ಹಸಿರು, ನೀಲಿ ಹೊಳೆಯುತ್ತದೆ. ನಮ್ಮ ಹಳೆಯ ಟ್ಯೂಬ್‌ಲೈಟ್ ಉರಿಯುವುದೂ ಹೆಚ್ಚುಕಡಿಮೆ ಹೀಗೆಯೇ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದು ಹುಟ್ಟಿತು. ಆಗ ಬೇಕಾಗಿದ್ದು ಟೀವಿಗಲ್ಲ, ಕಂಪ್ಯೂಟರ್ ಮೇಲೆ ಪಾಠ ಹೇಳಿಕೊಡುವ ಪರದೆಗೆ.

ಇದರಿಂದ ಆದ ಲಾಭ ಏನು? ಕಪ್ಪು ಬೇಕಾದ ಕಡೆ ಆ ಗೂಡು ಹೆಚ್ಚುಕಡಿಮೆ ಆರಿಯೇ ಹೋಗುತ್ತದೆ. ಎಲ್‌ಇಡಿ ಟೀವಿಯಲ್ಲಿ ಹಾಗಲ್ಲ. ಹಿಂದೆ ಬಲ್ಬು ಉರಿಯುತ್ತಲೇ ಇರುತ್ತದೆ, ಮುಂದಿನ ಪದರ ಆ ಬೆಳಕನ್ನು ತಡೆಯಲು ನೋಡುತ್ತದೆ, ಸ್ವಲ್ಪ ಸೋರುತ್ತದೆ. ರಾತ್ರಿಯ ಸೀನುಗಳು ಬೂದಿ ಬಳಿದ ಹಾಗೆ ಕಾಣುವುದು ಅದಕ್ಕೇ. ಪ್ಲಾಸ್ಮಾದಲ್ಲಿ ಕತ್ತಲು ಕತ್ತಲಾಗಿಯೇ ಕಾಣುತ್ತದೆ. ಕ್ರಿಕೆಟ್ ಚೆಂಡು ಬೌಂಡರಿಗೆ ಓಡುವಾಗ ಬಾಲ ಬೆಳೆಯುವುದಿಲ್ಲ. ಪಕ್ಕದಿಂದ ಕೂತು ನೋಡಿದರೂ ಬಣ್ಣ ಮಾಸುವುದಿಲ್ಲ. ಬಾಮೈದ "ಪಿಕ್ಚರ್ ಅಂದ್ರೆ ಪಿಕ್ಚರ್" ಅಂದಿದ್ದು ಸುಮ್ನೆ ಅಲ್ಲ.

ಟೇಪು ಹಿಡಿಯಿರಿ

ಸೋಫಾದಲ್ಲಿ ನಿಮ್ಮ ತಲೆ ಇರುವ ಜಾಗದಿಂದ ಟೀವಿ ಬರುವ ಗೋಡೆಯವರೆಗೆ ಅಳೆಯಿರಿ, ಇಂಚಿನಲ್ಲಿ. ನೀವು ಹೆಚ್ಚಾಗಿ ನೋಡುವುದು ಎಚ್‌ಡಿ ಚಾನೆಲ್ ಆದರೆ ಅದರ ಅರ್ಧದಷ್ಟು ಇಂಚಿನ ಟೀವಿ. ಮಾಮೂಲಿ ಎಸ್‌ಡಿ ಚಾನೆಲ್ ಆದರೆ ಮೂರನೇ ಒಂದು ಭಾಗ. ನಿಜವಾಗಲೂ 4ಕೆ ನೋಡುವವರಾದರೆ ಮೂರನೇ ಎರಡು ಭಾಗದವರೆಗೂ ಹೋಗಬಹುದು. ಎಂಟು ಅಡಿ ಅಂದರೆ 96 ಇಂಚು. ಎಚ್‌ಡಿಗೆ 48 ಇಂಚಿನ ಆಸುಪಾಸು, ಎಸ್‌ಡಿಗೆ 32. ಕಲ್ಲಿನ ಮೇಲೆ ಕೆತ್ತಿದ ನಿಯಮವೇನಲ್ಲ, ಒಂದು ಅಂದಾಜು ಅಷ್ಟೇ.

ಎಸ್‌ಡಿಗೆ ಯಾಕೆ ಇಷ್ಟು ಚಿಕ್ಕದು ಅಂತೀರಾ? ಚುಕ್ಕಿಗಳ ಲೆಕ್ಕ ನೋಡಿ. ನಮ್ಮ ಎಸ್‌ಡಿ ಚಿತ್ರ 720 ಬೈ 576, ಅಂದರೆ ಸುಮಾರು ನಾಲ್ಕು ಲಕ್ಷ ಚುಕ್ಕಿ. ಫುಲ್ ಎಚ್‌ಡಿ 1920 ಬೈ 1080, ಅಂದರೆ 20 ಲಕ್ಷದ ಮೇಲೆ. 4ಕೆ ಅಂದರೆ ಸುಮಾರು 83 ಲಕ್ಷ. ನಾಲ್ಕು ಲಕ್ಷ ಚುಕ್ಕಿಯ ಚಿತ್ರವನ್ನು 55 ಇಂಚಿಗೆ ಎಳೆದರೆ ದೋಸೆ ಹಿಟ್ಟಿಗೆ ನೀರು ಜಾಸ್ತಿ ಹಾಕಿದ ಹಾಗೆ. ತುಂಬಾ ದೋಸೆ ಬರುತ್ತದೆ, ಒಂದೂ ಏಳುವುದಿಲ್ಲ.

ಇಲ್ಲೇ ಪ್ಲಾಸ್ಮಾದ ಒಂದು ಗುಟ್ಟು ಇದೆ. ಆ ಕಾಲದ 42 ಇಂಚಿನ "ಎಚ್‌ಡಿ" ಪ್ಲಾಸ್ಮಾಗಳಲ್ಲಿ ಬಹಳಷ್ಟು 1024 ಬೈ 768. 50 ಇಂಚಿನವು 1366 ಬೈ 768. ಫುಲ್ ಎಚ್‌ಡಿ ಇದ್ದವು, ಆದರೆ ದುಬಾರಿ. ಇನ್ನೂ ಹಳೆಯವು 852 ಬೈ 480. ಅವು ಎಚ್‌ಡಿಯೇ ಅಲ್ಲ, ಬೆಲೆ ಎಷ್ಟೇ ಕಮ್ಮಿ ಹೇಳಿದರೂ ಬೇಡ. ಉಳಿದವುಗಳಲ್ಲಿ ಎಸ್‌ಡಿ ಚಾನೆಲ್ ಚೆನ್ನಾಗಿಯೇ ಕಾಣುತ್ತದೆ. ಇವತ್ತಿನ 4ಕೆ ಸೆಟ್ಟಿಗಿಂತ ಕಣ್ಣಿಗೆ ಹಿತ ಅಂತಲೇ ನನ್ನ ಅನಿಸಿಕೆ. ನಾಲ್ಕು ಲಕ್ಷವನ್ನು ಹತ್ತು ಲಕ್ಷಕ್ಕೆ ಎಳೆಯುವುದು ಬೇರೆ, 83 ಲಕ್ಷಕ್ಕೆ ಎಳೆಯುವುದು ಬೇರೆ ಅಲ್ವಾ.

ಅಳತೆ ಬಂದ ಮೇಲೆ ಗೋಡೆಗೆ ಹಳೆಯ ಪೇಪರ್ ಹಾಳೆ ಅಂಟಿಸಿ. 43 ಇಂಚಿಗೆ 95 ಬೈ 53 ಸೆಂಟಿಮೀಟರ್, 50ಕ್ಕೆ 111 ಬೈ 62, 55ಕ್ಕೆ 122 ಬೈ 68. ಎರಡು ದಿನ ಹಾಗೇ ಬಿಡಿ. ನೆಲದಲ್ಲಿ ಕೂತು ನೋಡುವವರ ಕತ್ತು ಮೇಲಕ್ಕೆ ಏಳುತ್ತದಾ, ಬಾಗಿಲು ತೆಗೆದರೆ ತಾಗುತ್ತದಾ, ದೇವರ ಮನೆಗೆ ಹೋಗುವವರು ಅಡ್ಡ ಬರುತ್ತಾರಾ, ಎಲ್ಲ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಆ ಪೇಪರ್ ನೋಡಿಯೇ 55 ಹೋಗಿ 43 ಆಯಿತು.

ಕಿಟಕಿ ಮತ್ತು ಗಾಜಿನ ಹೆಂಚು

ಪ್ಲಾಸ್ಮಾದ ಮುಂಭಾಗ ದಪ್ಪ ಗಾಜು. ಹಗಲು ಅದೊಂದು ಕನ್ನಡಿ. ಜೊತೆಗೆ ಎಲ್‌ಇಡಿಯಷ್ಟು ಬೆಳಕು ಅದಕ್ಕಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಹೊಸ ಆರ್‌ಸಿಸಿ ಮನೆಗಳಲ್ಲಿ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದ್ದರೆ ಸಂಜೆ ನಾಲ್ಕಕ್ಕೆ ಅದರಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಅಂಥ ಮನೆಗೆ ಎಲ್‌ಇಡಿಯೇ ಸರಿ.

ಮಲೆನಾಡಿನ ಹಳೇ ತೊಟ್ಟಿಮನೆ, ಲೈನ್ ಮನೆ, ಎಸ್ಟೇಟ್ ಬಂಗಲೆಗಳ ಹಾಲ್ ಹೇಗೂ ಕತ್ತಲು. ಮರದ ಅಟ್ಟ, ಸಣ್ಣ ಕಿಟಕಿ, ಹೊರಗೆ ನೆರಳು. ಇಲ್ಲಿ ಪ್ಲಾಸ್ಮಾ ಮೆರೆಯುತ್ತದೆ. ಒಂದೇ ಎಚ್ಚರ: ಮಾಡಿನಲ್ಲಿ ಗಾಜಿನ ಹೆಂಚು ಇದೆಯಾ ನೋಡಿ. ಬಿಸಿಲು ಬಂದಾಗ ಆ ಬೆಳಕಿನ ತುಂಡು ಹಾಲ್ ತುಂಬ ನಡೆದಾಡುತ್ತದೆ. ಯಾವ ಹೊತ್ತಿಗೆ ಯಾವ ಗೋಡೆಗೆ ಬರುತ್ತದೆ ಅಂತ ಒಂದು ದಿನ ಗಮನಿಸಿ.

ಪ್ಲಾಸ್ಮಾ ಎತ್ತರದ ಊರಿನಲ್ಲಿ ಗುಂಯ್ ಅನ್ನುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಮಾತು ನಿಜ. ಗೂಡುಗಳ ಒಳಗಿನ ಅನಿಲದ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ. ಹಾಗಾಗಿ ಹೊರಗಿನ ಗಾಳಿಯೇ ಗಾಜನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಆ ಹಿಡಿತ ಸಡಿಲವಾಗುತ್ತದೆ, ಗಾಜು ನಡುಗಿ ಸದ್ದು ಬರುತ್ತದೆ. ಆದರೆ ಇದು ತೊಂದರೆ ಕೊಡುವುದು ಸುಮಾರು 2,000 ಮೀಟರ್ ಎತ್ತರದ ಊರುಗಳಲ್ಲಿ. ಹಾಸನ, ಚಿಕ್ಕಮಗಳೂರು ಪೇಟೆಗಳು 1,000 ಮೀಟರ್ ಆಸುಪಾಸಿನಲ್ಲಿವೆ. ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಅಲ್ಲಿ ಯಾರು ಟೀವಿ ನೋಡ್ತಾರೆ!

ಕರೆಂಟ್ ಬಿಲ್ಲು ಕೇಳಿದ್ದು ಯಾಕೆ

50 ಇಂಚಿನ ಪ್ಲಾಸ್ಮಾ ಸರಾಸರಿ 250 ವ್ಯಾಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಹಿಂದಿನ ಸ್ಟಿಕ್ಕರಿನಲ್ಲಿ ಇನ್ನೂ ಜಾಸ್ತಿ ಬರೆದಿರುತ್ತದೆ. ಅದು ಗರಿಷ್ಠ. ಬೆಳ್ಳಗಿನ ಚಿತ್ರ ಬಂದರೆ ಜಾಸ್ತಿ ಎಳೆಯುತ್ತದೆ, ಕತ್ತಲ ಚಿತ್ರಕ್ಕೆ ಕಮ್ಮಿ. ದಿನಕ್ಕೆ ಐದು ಗಂಟೆ ಅಂದರೆ ಒಂದೂಕಾಲು ಯೂನಿಟ್. ತಿಂಗಳಿಗೆ 37 ಯೂನಿಟ್ ದಾಟುತ್ತದೆ. ಅದೇ 43 ಇಂಚಿನ ಎಲ್‌ಇಡಿ 80 ವ್ಯಾಟ್ ಆದರೆ ತಿಂಗಳಿಗೆ 12 ಯೂನಿಟ್. ವ್ಯತ್ಯಾಸ 25 ಯೂನಿಟ್.

ಮೊದಲಾದರೆ 25 ಯೂನಿಟ್ ಏನು ಮಹಾ ಅನ್ನಬಹುದಿತ್ತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಲೆಕ್ಕ ಬದಲಾಗಿದೆ. 200 ಯೂನಿಟ್ ತನಕ ಉಚಿತ ಅಂತ ಎಲ್ಲರ ಬಾಯಲ್ಲೂ ಇದೆ. ಆದರೆ ನಿಮ್ಮ ಮನೆಗೆ ಸಿಗುವುದು ನಿಮ್ಮ ಹಳೆಯ ಸರಾಸರಿ ಮತ್ತು ಅದರ ಮೇಲೆ ಸ್ವಲ್ಪ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ನಿಮ್ಮ ತಲೆ ಮೇಲೆ. ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಹಾಸನದವರಿಗೆ ಸೆಸ್ಕ್, ಲೆಕ್ಕ ಒಂದೇ. ಬಿಲ್ಲಿನಲ್ಲಿ ನಿಮಗೆ ಎಷ್ಟು ಯೂನಿಟ್ ಉಚಿತ, ಈಗ ಎಷ್ಟು ಖರ್ಚಾಗುತ್ತಿದೆ ಅಂತ ನೋಡಿ. ನಡುವೆ ಎಷ್ಟು ಜಾಗ ಉಳಿದಿದೆಯೋ ಅಷ್ಟರಲ್ಲಿ ಟೀವಿ ಕೂರಬೇಕು. ಬಾಮೈದನ ಬಿಲ್ಲಿನಲ್ಲಿ ಉಳಿದಿದ್ದು ಒಂಬತ್ತು ಯೂನಿಟ್.

ಇನ್ನು ಯುಪಿಎಸ್. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಇದನ್ನು ಮರೆಯುವ ಹಾಗಿಲ್ಲ. 150 ಎಎಚ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್ ಗಂಟೆ. ಕೈಗೆ ಸಿಗುವುದು 1,200 ಅಂತ ಹಿಡಿಯಿರಿ. ಲೈಟು, ಫ್ಯಾನು 150 ವ್ಯಾಟ್ ಇದ್ದರೆ ಪ್ಲಾಸ್ಮಾ ಜೊತೆ ಮೂರು ಗಂಟೆಗೆ ಮುಗಿಯಿತು. ಎಲ್‌ಇಡಿ ಆದರೆ ಐದು ಗಂಟೆ. ಹೊಸ ಟೀವಿಯ ಮೇಲೆ ಕರೆಂಟ್ ಉಳಿತಾಯ ತೋರಿಸುವ ಬಿಇಇ ನಕ್ಷತ್ರದ ಲೇಬಲ್ ಇದ್ದರೆ ನಕ್ಷತ್ರ ಎಣಿಸುವ ಬದಲು ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುವ ಅಂಕಿ ಓದಿ. ಎರಡು ಟೀವಿ ಹೋಲಿಸಲು ಅದೇ ಸುಲಭ.

ಸಿಗ್ನಲ್ ಎಲ್ಲಿಂದ ಬರುತ್ತದೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋದವರು ಇಸ್ರೋದ ಎಂಸಿಎಫ್ ಆವರಣದ ದೊಡ್ಡ ಬಿಳಿ ಡಿಶ್‌ಗಳನ್ನು ನೋಡಿರುತ್ತೀರಿ. ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವ ಕೆಲಸ ಅಲ್ಲಿ 1982ರಿಂದ ನಡೆಯುತ್ತಿದೆ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್ 15 ಕೂಡ ಅಂಥದ್ದೇ ಒಂದು. ಹಾಸನದಿಂದ ನೋಡಿಕೊಳ್ಳುವ ಉಪಗ್ರಹದ ಸಿಗ್ನಲ್ ಹಾಸನದ ಮನೆಗೇ ಮಳೆ ಬಂದರೆ ಸಿಗುವುದಿಲ್ಲ ಅನ್ನುವುದು ತಮಾಷೆ. ತಪ್ಪು ಯಾರದ್ದೂ ಅಲ್ಲ. ಡಿಟಿಎಚ್ ಬಳಸುವ ತರಂಗಗಳನ್ನು ಜೋರು ಮಳೆಯ ಹನಿಗಳು ನುಂಗಿಬಿಡುತ್ತವೆ. ಡಿಶ್ ದೊಡ್ಡದಾದಷ್ಟೂ ಮಳೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ತಡೆಯುತ್ತದೆ. ಸಕಲೇಶಪುರ, ಕೊಟ್ಟಿಗೆಹಾರ, ಶೃಂಗೇರಿ ಕಡೆಯವರು ಡಿಶ್ ಹಾಕುವವರಿಗೆ ದೊಡ್ಡ ಅಳತೆಯದ್ದು ಇದೆಯಾ ಅಂತ ಕೇಳಿ.

ತೋಟದ ಮನೆಯಾದರೆ ಇನ್ನೊಂದು ತಕರಾರು: ಸಿಲ್ವರ್ ಓಕ್. ಫ್ರೀ ಡಿಶ್‌ನ ಉಪಗ್ರಹ ನಮಗೆ ಆಗ್ನೇಯ ದಿಕ್ಕಿನಲ್ಲಿ, ಸಾಕಷ್ಟು ಮೇಲೆ ಇದೆ. ಆ ಕಡೆ ಮರ ಬೆಳೆದಿದ್ದರೆ ಎಷ್ಟು ದೊಡ್ಡ ಟೀವಿ ತಂದರೂ ಚುಕ್ಕಿ ಚುಕ್ಕಿ ಒಡೆದ ಚಿತ್ರವೇ. ಮೊದಲು ಮರಗಸಿ, ಅಂದರೆ ಕೊಂಬೆ ಸವರುವುದು, ಆಮೇಲೆ ಟೀವಿ.

ಫೈಬರ್ ಇಂಟರ್ನೆಟ್ ಬಂದಿರುವ ಊರಿನಲ್ಲಿ ಈ ಗೋಳು ಕಮ್ಮಿ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು, 4ಕೆಗೆ 15ರ ಮೇಲೆ ಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು 4ಕೆ ಟೀವಿ ತರುವುದು ನನಗಂತೂ ಸರಿ ಕಾಣುವುದಿಲ್ಲ. ಪ್ಲಾಸ್ಮಾದಲ್ಲಿ ಸ್ಮಾರ್ಟ್ ಇಲ್ಲ ಅಂತ ಕೊರಗಬೇಕಿಲ್ಲ. ಎಚ್‌ಡಿಎಂಐ ಕಿಂಡಿ ಇದ್ದರೆ ಇಂಟರ್ನೆಟ್ ವಿಡಿಯೋ ತೋರಿಸುವ ಒಂದು ಸ್ಟಿಕ್ ಸಿಕ್ಕಿಸಿದರೆ ಆಯಿತು.

ಹಳೇ ಪ್ಲಾಸ್ಮಾ ನೋಡಲು ಹೋದಾಗ

ಒಂದು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಳ್ಳಿ. ಅದರಲ್ಲಿ ನಾಲ್ಕು ಚಿತ್ರ: ಪೂರ್ತಿ ಬಿಳಿ, ಪೂರ್ತಿ ಕೆಂಪು, ಪೂರ್ತಿ ಹಸಿರು, ಪೂರ್ತಿ ನೀಲಿ. ಯಾವ ಮೊಬೈಲಿನಲ್ಲಾದರೂ ಮಾಡಿಕೊಳ್ಳಬಹುದು. ಟೀವಿಗೆ ಯುಎಸ್‌ಬಿ ಇಲ್ಲದಿದ್ದರೆ ಲ್ಯಾಪ್‌ಟಾಪು, ಎಚ್‌ಡಿಎಂಐ ವೈರು ಒಯ್ಯಿರಿ.

ಕೋಣೆ ಕತ್ತಲು ಮಾಡಿ ಒಂದೊಂದೇ ಬಣ್ಣ ಹಾಕಿ. ಮೂಲೆಗಳನ್ನು ನೋಡಿ. ಪ್ಲಾಸ್ಮಾದ ದೊಡ್ಡ ಕಾಯಿಲೆ ಇಲ್ಲಿ ಸಿಗುತ್ತದೆ. ಒಂದೇ ಲೋಗೋ, ಒಂದೇ ನ್ಯೂಸ್ ಪಟ್ಟಿ ದಿನಗಟ್ಟಲೆ ಅಲ್ಲಾಡದೆ ನಿಂತರೆ ಆ ಗೂಡುಗಳ ಫಾಸ್ಫರ್ ಬೇಗ ಸವೆಯುತ್ತದೆ. ಆಮೇಲೆ ಯಾವ ಚಾನೆಲ್ ಹಾಕಿದರೂ ಹಳೆಯದರ ನೆರಳು ಉಳಿಯುತ್ತದೆ. ನಮ್ಮ ಮನೆಯಲ್ಲಿ ಅಮ್ಮ ಸಂಜೆ ಆರರಿಂದ ಹತ್ತರವರೆಗೆ ಒಂದೇ ಚಾನೆಲ್ಲಿನ ಧಾರಾವಾಹಿ ನೋಡುತ್ತಿದ್ದರು. ಮೂರು ವರ್ಷಕ್ಕೆ ಬಲಮೂಲೆಯಲ್ಲಿ ಆ ಲೋಗೋ ದೇವರ ಪಟದ ಹಿಂದಿನ ಗೋಡೆಯ ಕಲೆಯ ಹಾಗೆ ನಿಂತಿತ್ತು. ತೆಳು ನೆರಳಾದರೆ ನಾಲ್ಕಾರು ದಿನ ಬೇರೆ ಬೇರೆ ಚಿತ್ರ ಓಡಿಸಿದರೆ ಮಾಸಬಹುದು. ಬಿಳಿ ಪರದೆಯಲ್ಲಿ ಅಕ್ಷರ ಓದುವಷ್ಟು ಸ್ಪಷ್ಟವಾಗಿದ್ದರೆ ಅದು ಹೋಗುವುದಿಲ್ಲ. ಹೋಟೆಲ್, ಹೋಂಸ್ಟೇ, ಬಾರುಗಳಿಂದ ಬಂದ ಸೆಟ್ಟಿನಲ್ಲಿ ಇದು ಜಾಸ್ತಿ, ಬೆಳಿಗ್ಗೆಯಿಂದ ರಾತ್ರಿ ತನಕ ಒಂದೇ ಚಾನೆಲ್ ಓಡಿರುತ್ತದೆ.

ಆಮೇಲೆ ಸೌಂಡ್ ಮ್ಯೂಟ್ ಮಾಡಿ ಬಿಳಿ ಪರದೆ ಹಾಕಿ, ಹತ್ತಿರ ಕಿವಿ ಕೊಡಿ. ಸಣ್ಣ ಗುಂಯ್ ಇದ್ದೇ ಇರುತ್ತದೆ. ಸೋಫಾದಲ್ಲಿ ಕೂತಾಗಲೂ ಕೇಳಿದರೆ ಯೋಚಿಸಿ. ಅರ್ಧ ಗಂಟೆ ಬಿಡದೆ ಓಡಿಸಿ. ಹಿಂದಿನಿಂದ ಬಿಸಿ ಗಾಳಿ ಬರುವುದು ಸಹಜ. ಪರದೆ ಮಿಣುಕುವುದು, ತಾನಾಗಿ ಆಫ್ ಆಗುವುದು, ಆನ್ ಆಗಲು ನಾಲ್ಕು ಸಲ ಟಕ್ ಟಕ್ ಅನ್ನುವುದು ಸಹಜವಲ್ಲ. ಒಳಗಿನ ಪವರ್ ಬೋರ್ಡಿನ ಕೆಪಾಸಿಟರ್ ಉಬ್ಬಿದೆ ಅಂತ ಅರ್ಥ ಇರಬಹುದು. ಅಷ್ಟನ್ನು ಪೇಟೆಯ ರಿಪೇರಿಯವರು ಬದಲಿಸುತ್ತಾರೆ. ಪರದೆ ಓಡಿಸುವ ದೊಡ್ಡ ಬೋರ್ಡು ಹೋಗಿದ್ದರೆ ಇನ್ನೊಂದು ಸತ್ತ ಸೆಟ್ಟಿನಿಂದ ಕಿತ್ತು ತರಬೇಕು. ಗಾಜು ಬಿರುಕು ಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ನೀವೇ ಹಿಂದಿನ ಮುಚ್ಚಳ ಬಿಚ್ಚಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

"ಪ್ಲಾಸ್ಮಾದ ಗ್ಯಾಸ್ ಖಾಲಿಯಾಗುತ್ತೆ, ತುಂಬಿಸಬೇಕು" ಅಂತ ಯಾರಾದರೂ ಅಂದರೆ ನಕ್ಕು ಬಿಡಿ. ಗೂಡು ಸೀಲ್ ಆಗಿರುತ್ತದೆ. ತುಂಬಿಸಲು ಅದೇನು ಅಡುಗೆ ಸಿಲಿಂಡರಾ. ಬೆಳಕು ಅರ್ಧಕ್ಕೆ ಇಳಿಯಲು 60,000 ಗಂಟೆ, ಒಂದು ಲಕ್ಷ ಗಂಟೆ ಅಂತ ಕಂಪನಿಗಳೇ ಹೇಳಿಕೊಂಡಿದ್ದವು. ದಿನಕ್ಕೆ ಆರು ಗಂಟೆಯಾದರೆ 60,000 ಗಂಟೆಗೆ 27 ವರ್ಷ. ಪರದೆಗಿಂತ ಮೊದಲು ಬೋರ್ಡುಗಳೇ ಕೈ ಕೊಡುತ್ತವೆ.

ಇನ್ನು ಸಾಗಿಸುವುದು. 50 ಇಂಚಿನ ಪ್ಲಾಸ್ಮಾ ತುಂಬಾ ಭಾರ, ಇಬ್ಬರು ಬೇಕು. ಮಲಗಿಸಲೇಬಾರದು. ನಿಲ್ಲಿಸಿಯೇ ತರಬೇಕು. 2016ರಲ್ಲಿ ಹಾಸನದಿಂದ ಚಿಕ್ಕಮಗಳೂರಿಗೆ ಮನೆ ಬದಲಿಸಿದೆವು. ಸಾಮಾನು ಸಾಗಿಸಲು ಬಂದವರಿಗೆ ಮೂರು ಸಲ ಹೇಳಿದ್ದೆ. ಆದರೂ ಹಾಸಿಗೆ ಮೇಲೆ ಮಲಗಿಸಿ, ಮೇಲೊಂದು ಚೇರು ಇಟ್ಟು ಬೇಲೂರು ದಾಟಿಸಿದ್ದರು. ಮನೆಗೆ ಬಂದು ಹಾಕಿದರೆ ಅರ್ಧ ಪರದೆ ಕಪ್ಪು. ಗಾಜಿನಲ್ಲಿ ಕೂದಲೆಳೆಯ ಬಿರುಕು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮಣ್ಣಿನ ಗೋಡೆಯ ಮನೆಯಾದರೆ ಪ್ಲಾಸ್ಮಾವನ್ನು ಗೋಡೆಗೆ ನೇತು ಹಾಕಬೇಡಿ. ಗಟ್ಟಿ ಮೇಜಿನ ಮೇಲೆ, ಹಿಂದೆ ನಾಲ್ಕು ಬೆರಳು ಗಾಳಿ ಬಿಟ್ಟು ಇಡಿ. 43 ಇಂಚಿನ ಎಲ್‌ಇಡಿ ಎಂಟು ಕೆಜಿ ಆಸುಪಾಸು, ಅದಕ್ಕೆ ಈ ಚಿಂತೆ ಕಮ್ಮಿ.

ಬೆಲೆ? ಎಲ್ಲ ಪರೀಕ್ಷೆ ಪಾಸಾದರೂ ಎರಡು ಮೂರು ಸಾವಿರಕ್ಕಿಂತ ಜಾಸ್ತಿ ನಾನಾದರೆ ಕೊಡುವುದಿಲ್ಲ. ಗ್ಯಾರಂಟಿ ಇಲ್ಲ, ಬಿಡಿಭಾಗ ಇಲ್ಲ. ಇಷ್ಟಪಟ್ಟು ಸಾಕುವ ಹಳೇ ಜೀಪಿನ ಹಾಗೆ ಅದು.

ಬಾಮೈದ ಬಿಳಿ ಪರದೆ ಹಾಕಿ ನೋಡಿ ಅಲ್ಲಿಂದಲೇ ಫೋನ್ ಮಾಡಿದ. "ಭಾವ, ಮೂಲೇಲಿ ಸ್ಪೋರ್ಟ್ಸ್ ಚಾನೆಲ್ ಹೆಸರು ಓದಬಹುದು." ಅಲ್ಲಿಗೆ ಆ ವ್ಯಾಪಾರ ಮುಗಿಯಿತು.

ಹೊಸದು ತರುವುದಾದರೆ

ಹೆಸರುಗಳಿಗೆ ಹೆದರಬೇಡಿ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಮೂರೂ ಒಂದೇ ಜಾತಿ, ಹಿಂದೆ ಬಲ್ಬು ಮುಂದೆ ಎಲ್‌ಸಿಡಿ ಪದರ. ಕ್ಯೂಎಲ್‌ಇಡಿಯಲ್ಲಿ ಬಣ್ಣ ಚೆನ್ನಾಗಿರಲು ಒಂದು ಹಾಳೆ ಜಾಸ್ತಿ. ಮಿನಿ ಎಲ್‌ಇಡಿಯಲ್ಲಿ ಸಣ್ಣ ಬಲ್ಬುಗಳು ಸಾವಿರಗಟ್ಟಲೆ, ಬೇಕಾದ ಕಡೆ ಮಾತ್ರ ಮಂಕಾಗುತ್ತವೆ. ಓಎಲ್‌ಇಡಿ ಬೇರೆ ಜಾತಿ, ಪ್ಲಾಸ್ಮಾದ ಹಾಗೆ ಒಂದೊಂದು ಚುಕ್ಕಿಯೂ ತಾನೇ ಉರಿಯುತ್ತದೆ, ಆರುತ್ತದೆ. ಕಪ್ಪು ಬಲು ಚೆಂದ. ಬೆಲೆ ಜಾಸ್ತಿ, ಲೋಗೋ ನೆರಳಿನ ಭಯವೂ ಇದೆ. ದಿನವಿಡೀ ನ್ಯೂಸ್ ಹಾಕುವ ಮನೆಗೆ ಬೇಡ.

ಎಲ್‌ಇಡಿಯಲ್ಲೂ ಎರಡು ಬಗೆಯ ಪದರ ಇದೆ: ಐಪಿಎಸ್, ವಿಎ. ಐಪಿಎಸ್‌ನಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಚೆನ್ನ, ಕಪ್ಪು ಸ್ವಲ್ಪ ಬೂದಿ. ವಿಎಯಲ್ಲಿ ಕಪ್ಪು ಒಳ್ಳೆಯದು, ಪಕ್ಕಕ್ಕೆ ಸರಿದರೆ ಮಾಸುತ್ತದೆ. ಮನೆ ತುಂಬ ಜನ ಸಾಲಾಗಿ ಕೂರುವುದಾದರೆ ಐಪಿಎಸ್. ರಾತ್ರಿ ಇಬ್ಬರು ಎದುರಿಗೆ ಕೂತು ಸಿನಿಮಾ ನೋಡುವುದಾದರೆ ವಿಎ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ನೀವೇ ಪಕ್ಕಕ್ಕೆ ಹೋಗಿ ನಿಂತು ನೋಡಿ, ತಿಳಿಯುತ್ತದೆ.

ಸೌಂಡ್ ಮರೆಯಬೇಡಿ. ಬೇರೆ ಊರಿನವರಿಗೆ ಇದು ಶೋಕಿ, ನಮಗೆ ಅಗತ್ಯ. ಆಷಾಢದ ಮಳೆ ಜಿಂಕ್ ಶೀಟಿನ ಮೇಲೆ ಹೊಡೆಯುವಾಗ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ತೆಳ್ಳಗಿನ ಟೀವಿಯ ಸ್ಪೀಕರ್ ಎಲ್ಲಿ ಕೇಳಬೇಕು? ಅದರ ಸ್ಪೀಕರ್ ಕೆಳಗೆ ಮುಖ ಮಾಡಿರುತ್ತದೆ. ಟೀವಿಯನ್ನು ಒಂದು ಸೈಜು ಚಿಕ್ಕದು ತಂದು, ಉಳಿದ ದುಡ್ಡಿಗೆ ಸೌಂಡ್‌ಬಾರ್ ಹಾಕಿ. ಎಚ್‌ಡಿಎಂಐ ಕಿಂಡಿಯ ಮೇಲೆ ಎಆರ್‌ಸಿ ಅಂತ ಬರೆದಿದೆಯಾ ನೋಡಿ, ಇದ್ದರೆ ಟೀವಿಯ ಸೌಂಡ್ ಸೌಂಡ್‌ಬಾರಿಗೆ ಒಂದೇ ವೈರಿನಲ್ಲಿ ಹೋಗುತ್ತದೆ. ಮನೆಯಲ್ಲಿ ಹಳೆಯ ಆಂಪ್ಲಿಫೈಯರ್ ಇದ್ದರೆ ಇನ್ನೂ ಒಳ್ಳೆಯದು.

ಅಂಗಡಿಯಲ್ಲಿ

ಹಾಸನದ ಬಿ.ಎಂ. ರಸ್ತೆಯಾಗಲಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಾಗಲಿ, ಅಂಗಡಿಯ ಟೀವಿ ಮದುವೆಗೆ ಸಿಂಗಾರ ಮಾಡಿಕೊಂಡಿರುತ್ತದೆ. ಪಿಕ್ಚರ್ ಮೋಡ್ "ವಿವಿಡ್", ಓಡುತ್ತಿರುವುದು ಕಂಪನಿಯೇ ಕೊಟ್ಟ ಹೂವು ಗಿಳಿಗಳ ವಿಡಿಯೋ. ಅದನ್ನು "ಸಿನಿಮಾ" ಮೋಡಿಗೆ ಹಾಕಿಸಿ. ಡಿಡಿ ಚಂದನ ಅಥವಾ ನೀವು ದಿನಾ ನೋಡುವ ಎಸ್‌ಡಿ ಚಾನೆಲ್ ಹಾಕಿ ಅನ್ನಿ. ನಿಮ್ಮ ಪೆನ್‌ಡ್ರೈವಿನಲ್ಲಿ ಒಂದು ಕತ್ತಲ ಸೀನು ಒಯ್ಯಿರಿ. ನಿಂತು ನೋಡಬೇಡಿ, ಸ್ಟೂಲ್ ಕೇಳಿ ಕೂತು ನೋಡಿ. ಮುಖ ಸಿಂಡರಿಸಿದರೆ ಪಕ್ಕದ ಅಂಗಡಿ ಇದೆ.

ಹಾಸನಾಂಬೆಯ ಬಾಗಿಲು ತೆರೆಯುವ, ದೀಪಾವಳಿಯ ದಿನಗಳಲ್ಲಿ ಆಫರ್ ಬರುತ್ತದೆ ಅಂತ ಕಾಯುವವರಿದ್ದಾರೆ. ಕಾಯಬಹುದು. ಆದರೆ ಒಂದು ಇಳಿಕೆ ಹಬ್ಬಕ್ಕೆ ಕಾಯುವುದಿಲ್ಲ: 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 18 ಪರ್ಸೆಂಟ್. ಬಿಲ್ಲಿನಲ್ಲಿ ಅದು ಕಾಣಬೇಕು. ಟೀವಿಯ ಹಿಂದಿನ ಸ್ಟಿಕ್ಕರಿನಲ್ಲಿ ಸರ್ಕಾರದ ಗುಣಮಟ್ಟದ ಬಿಐಎಸ್ ಗುರುತು, ಅದರ ಕೆಳಗೆ "ಆರ್" ಅಕ್ಷರದ ನೋಂದಣಿ ಸಂಖ್ಯೆ ಇದೆಯಾ ನೋಡಿ.

ಕೊನೆಗೆ ಒಂದು ಪ್ರಶ್ನೆ ಕೇಳಲೇಬೇಕು: ರಿಪೇರಿಗೆ ಯಾರು ಬರುತ್ತಾರೆ, ಎಲ್ಲಿಂದ? ಊರಲ್ಲೇ ಇದ್ದಾರಾ, ಮಂಗಳೂರಿನಿಂದ ಬರಬೇಕಾ? ತೋಟದ ಮನೆಗೆ ಬರ್ತಾರಾ, ಪೇಟೆ ಮಾತ್ರವಾ? ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಗ್ಯಾರಂಟಿ ಇದ್ದೂ ಯಾರೂ ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಮನೆಗೆ ಬಂದ ಮೇಲೆ

ಮಳೆಗಾಲದಲ್ಲಿ ಬೆವರುವ ಹೊರಗೋಡೆಗೆ ಟೀವಿ ಅಂಟಿಸಬೇಡಿ. ಒಳಗೋಡೆ ಆರಿಸಿ, ಇಲ್ಲವೇ ಗೋಡೆಯಿಂದ ಸ್ವಲ್ಪ ಮುಂದೆ ಇಡಿ. ಜೂನ್, ಜುಲೈಯಲ್ಲಿ ಟೀವಿ ನೋಡದಿದ್ದರೂ ದಿನಕ್ಕೊಮ್ಮೆ ಅರ್ಧ ಗಂಟೆ ಹಾಕಿಡಿ. ಒಳಗಿನ ಬಿಸಿಗೆ ತೇವ ಆರುತ್ತದೆ. ಮೇಲೆ ಬಟ್ಟೆ ಹೊದಿಸುವ ಅಭ್ಯಾಸ ಇದ್ದರೆ ಟೀವಿ ತಣ್ಣಗಾದ ಮೇಲೆ ಹೊದಿಸಿ.

ವೋಲ್ಟೇಜ್ ಕಮ್ಮಿಯಾದರೆ ಅಂತ ಸ್ಟೆಬಿಲೈಜರ್‌ಗೆ ಓಡುವ ಮೊದಲು ಹಿಂದಿನ ಸ್ಟಿಕ್ಕರ್ ಓದಿ. 100ರಿಂದ 240 ವೋಲ್ಟ್ ಅಂತಿದ್ದರೆ ಕಮ್ಮಿ ವೋಲ್ಟೇಜ್ ಅದಕ್ಕೆ ಲೆಕ್ಕವಿಲ್ಲ. ಭಯ ಇರುವುದು ಒಮ್ಮೆಲೇ ನುಗ್ಗುವ ಕರೆಂಟಿನದ್ದು. ಸರ್ಜ್ ಪ್ರೊಟೆಕ್ಟರ್ ಹಾಕಿ, ಮನೆಯ ಅರ್ತಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಆ ಪ್ರೊಟೆಕ್ಟರ್ ಸುಮ್ನೆ ಒಂದು ಪ್ಲಗ್ ಪೆಟ್ಟಿಗೆ ಅಷ್ಟೇ.

ಮತ್ತೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ. ಮೋಡ ಕಪ್ಪಾಗುತ್ತಿದ್ದಂತೆ ನಾವೆಲ್ಲ ಪ್ಲಗ್ ಕೀಳುತ್ತೇವೆ, ಡಿಶ್ ವೈರು ಮರೆಯುತ್ತೇವೆ. ಮಾಡಿನ ಮೇಲಿನ ಡಿಶ್ಶಿನಿಂದ ಆ ವೈರಿನ ಮೂಲಕ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ದಾರಿಯಲ್ಲಿ ಟೀವಿಗೆ ಸಿಡಿಲಿನ ಹೊಡೆತ ನಡೆದು ಬರುತ್ತದೆ. ಬಾಮೈದ ಕೊನೆಗೆ 43 ಇಂಚಿನ ಎಲ್‌ಇಡಿ ತಂದ. ಡಿಶ್ ವೈರಿನ ತಿರುಪು ಬೇಗ ಬಿಚ್ಚಲು ಸಿಗುವ ಹಾಗೆ ಬಾಕ್ಸನ್ನು ಟೀವಿಯ ಹಿಂದೆ ಅಡಗಿಸದೆ ಪಕ್ಕಕ್ಕೆ ಇಡಿಸಿದ್ದೇನೆ. ಪ್ಲಗ್ಗು, ಡಿಶ್ ವೈರು, ಫೈಬರ್ ಬಾಕ್ಸಿನ ಪ್ಲಗ್ಗು, ಮೂರನ್ನೂ ಕಿತ್ತ ಮೇಲೆಯೇ ಕಾಫಿಗೆ ನೀರಿಡುವುದು ಅಂತ ಅವನ ಹೆಂಡತಿಗೂ ಹೇಳಿ ಬಂದಿದ್ದೇನೆ.